ಕಾರಿನ ಕವರ್: ಕಾರವಾರದ ಉಪ್ಪುಗಾಳಿಗೆ, ಶಿರಸಿಯ ಮಳೆಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ನನ್ನ ಊರು ಶಿರಸಿ ಕಡೆ, ಕೆಲಸ ಕಾರವಾರದಲ್ಲಿ. ಕಾರು ವಾರವೆಲ್ಲ ಸಮುದ್ರದ ಹತ್ತಿರ ನಿಲ್ಲುತ್ತದೆ. ರಜೆ ಸಿಕ್ಕರೆ ದೇವಿಮನೆ ಘಟ್ಟ ಹತ್ತಿ ಅಡಿಕೆ ತೋಟದ ಅಂಗಳಕ್ಕೆ ಹೋಗುತ್ತದೆ. ಕೆಳಗೆ ಉಪ್ಪಿನ ಕಾಟ, ಮೇಲೆ ಬೂಸ್ಟಿನ ಕಾಟ. ಎರಡನ್ನೂ ಕಂಡವನು ಅಂತ ಮದುವೆಮನೆಯಲ್ಲಿ, ಗ್ಯಾರೇಜಿನಲ್ಲಿ, ಫೋನಿನಲ್ಲಿ ಜನ ಕವರ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಹೆಚ್ಚಾಗಿ ಬರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ನನಗೆ ಗೊತ್ತಿರುವ ಉತ್ತರ ಬರೆದಿದ್ದೇನೆ.

## ಮೊದಲು ಕೇಳುವವು

ಕವರ್ ಬೇಕೇ ಬೇಕಾ? ನಮ್ಮಪ್ಪ ಯಾವತ್ತೂ ಹಾಕಿದವರಲ್ಲ.

ಕಾರು ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲಿದೆ. ಹಂಚಿನ ಮಾಡಿನ ಕೆಳಗೆ, ಎರಡು ಕಡೆ ಗೋಡೆ ಇದ್ದರೆ ಬೇಡ. ಹೆಚ್ಚೆಂದರೆ ಧೂಳಿಗೆ ಒಂದು ಮೆತ್ತನೆಯ ಹತ್ತಿ ಕವರ್ ಸಾಕು. ಬಯಲಿನಲ್ಲಿ ಅಥವಾ ಮಾವಿನ ಮರದ ಕೆಳಗೆ ನಿಲ್ಲುತ್ತದೆ ಎಂದಾದರೆ ನವೆಂಬರಿನಿಂದ ಮೇ ತನಕ ಖಂಡಿತ ಬೇಕು. ಬಿಸಿಲು ಪೇಂಟನ್ನು ಮಂಕು ಮಾಡುತ್ತದೆ, ಮಾವಿನ ಸೊನೆ ಅಂಟಿದರೆ ಬಿಡುವುದಿಲ್ಲ. ಕಾಗೆ, ಬಾವಲಿ ಹಿಕ್ಕೆಯಲ್ಲಿ ಆಮ್ಲ ಇರುತ್ತದೆ. ಬಿಸಿಲಲ್ಲಿ ಒಂದೆರಡು ದಿನ ಹಾಗೇ ಬಿಟ್ಟರೆ ಪೇಂಟಿನಲ್ಲಿ ಕಲೆ ಕೂತುಬಿಡುತ್ತದೆ. ಮಳೆಗಾಲದ ಕತೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಕವರ್ ಹಾಕಿದ್ಮೇಲೆ ಕಾರು ತೊಳೆಯೋ ಕೆಲಸ ತಪ್ಪಿತು ಅಲ್ವಾ?

ತಪ್ಪುವುದಿಲ್ಲ. ಹೀಗೆ ಅಂದುಕೊಂಡೇ ನಾನು ನನ್ನ ಮೊದಲ ಕಾರು ಹಾಳುಮಾಡಿಕೊಂಡೆ. ಹೊಸ ಕಾರು, ಹೊಸ ಕವರ್. ಚಿರೆಕಲ್ಲಿನ ರಸ್ತೆಯಲ್ಲಿ ಓಡಿಸಿಕೊಂಡು ಬಂದು, ಕೆಂಪು ಧೂಳಿನ ಮೇಲೇ ದಿನಾ ಕವರ್ ಎಳೆಯುತ್ತಿದ್ದೆ. ಸಂಜೆ ಸಮುದ್ರದ ಗಾಳಿಗೆ ಕವರ್ ಅಲ್ಲಾಡುತ್ತಿತ್ತು. ಎರಡು ತಿಂಗಳ ನಂತರ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ನೋಡಿದರೆ ಜೇಡರ ಬಲೆಯ ಹಾಗೆ ಗೀರುಗಳು.

ಪೇಂಟಿನ ಮೇಲಿನ ಹೊಳಪಿನ ಪದರ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ತಲೆಗೂದಲಿಗಿಂತ ತೆಳು. ಅದರ ಮೇಲೆ ಧೂಳು, ಧೂಳಿನ ಮೇಲೆ ಬಟ್ಟೆ, ಬಟ್ಟೆಯನ್ನು ಅಲ್ಲಾಡಿಸಲು ಗಾಳಿ. ಇಷ್ಟಾದರೆ ಉಜ್ಜುಕಾಗದ ಬೇಕಿಲ್ಲ. ಹಾಗಾಗಿ ಕವರ್ ಹಾಕುವ ಮುಂಚೆ ಒಂದು ಬಕೆಟ್ ನೀರಾದರೂ ಹರಿಸಿ. ಒಣ ಬಟ್ಟೆಯಲ್ಲಿ ಧೂಳು ಒರೆಸಬೇಡಿ, ಅದೂ ಗೀರೇ. ತೊಳೆಯಲು ಪುರುಸೊತ್ತು ಇಲ್ಲದ ದಿನ ಕವರ್ ಹಾಕದೆ ಬಿಡುವುದೇ ಒಳ್ಳೆಯದು.

ಮನೇಲಿ ತಾಡಪತ್ರಿ ಇದೆ. ಅದನ್ನೇ ಹೊಚ್ಚಿದ್ರೆ ಸಾಲದಾ?

ಕಾರಿಗೆ ತಾಗುವ ಹಾಗೆ ಹೊಚ್ಚಬೇಡಿ. ತಾಡಪತ್ರಿ ಒರಟು, ಅಂಚಿನಲ್ಲಿ ಲೋಹದ ಬಳೆಗಳಿರುತ್ತವೆ, ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇಲ್ಲ. ಆದರೆ ಅದೇ ತಾಡಪತ್ರಿಯನ್ನು ನಾಲ್ಕು ಕಂಬ ನೆಟ್ಟು, ಇಳಿಜಾರು ಕೊಟ್ಟು, ಕಾರಿನ ಮೇಲೆ ಎರಡು ಅಡಿ ಎತ್ತರದಲ್ಲಿ ಕಟ್ಟಿದರೆ ಯಾವ ದುಬಾರಿ ಕವರ್‌ಗೂ ಕಡಿಮೆ ಇಲ್ಲ. ಕಟ್ಟಿಗೆ ಒದ್ದೆಯಾಗದಂತೆ ಚಪ್ಪರ ಹಾಕುವುದು ನಮ್ಮೂರಿನವರಿಗೆ ಹೊಸದೇನೂ ಅಲ್ಲ. ಕಟ್ಟಿಗೆಗೆ ಮಾಡುವುದನ್ನು ಕಾರಿಗೂ ಮಾಡಿ.

## ಕೊಳ್ಳುವಾಗ

ಅಂಗಡಿಯವ್ರು 190ಟಿ, 300ಡಿ, ಜಿಎಸ್‌ಎಂ ಅಂತೆಲ್ಲ ಹೇಳ್ತಾರೆ. ಯಾವುದನ್ನ ನಂಬೋದು?

ಮೂರೂ ಬೇರೆ ಬೇರೆ ಅಳತೆಗಳು. 190ಟಿ ಎಂದರೆ ಒಂದು ಚದರ ಇಂಚು ಬಟ್ಟೆಯಲ್ಲಿ ಉದ್ದದ ಎಳೆ, ಅಡ್ಡ ಎಳೆ ಸೇರಿ 190. ಡಿ ಎಂದರೆ ಡೆನಿಯರ್, 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. 300ಡಿ ನೂಲು ದಪ್ಪ, ಬಟ್ಟೆ ಗಟ್ಟಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ.

190ಟಿ ಪಾಲಿಯೆಸ್ಟರ್ ತೆಳು, ಹಗುರ, ಮಡಚಲು ಸುಲಭ. ಪೇಟೆಯಲ್ಲಿ ಸಿಗುವ ಅಗ್ಗದ ಬೆಳ್ಳಿ ಬಣ್ಣದ ಕವರ್‌ಗಳು ಹೆಚ್ಚಾಗಿ ಇವೇ. ನಮ್ಮ ಬಿಸಿಲಿಗೆ ಬಯಲಿನಲ್ಲಿ ಇವು ಒಂದು ಬೇಸಿಗೆ ಬಾಳಿದರೆ ಹೆಚ್ಚು. ಇನ್ನೊಂದು ಜಾತಿ ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲಿನ್ ಬಟ್ಟೆ. ಮುಟ್ಟಿದರೆ ದಪ್ಪ ಕಾಗದದ ಹಾಗೆ, ಮೂರು ನಾಲ್ಕು ಪದರ ಇರುತ್ತದೆ. ನೀರನ್ನು ಬಹುಪಾಲು ತಡೆದು ಆವಿಯನ್ನು ಹೊರಗೆ ಬಿಡುತ್ತದೆ. ಕರಾವಳಿಗೆ ನನ್ನ ಓಟು ಇದಕ್ಕೇ. ಪಿವಿಸಿ ಕವರ್ ಮಾತ್ರ ಯಾರು ಎಷ್ಟೇ ಹೊಗಳಿದರೂ ಬೇಡ.

ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು ಎಂದೇನಿಲ್ಲ. ಒಳಭಾಗ ಮುಟ್ಟಿ ನೋಡಿ. ಅಂಗೈ ಹಿಂಬದಿಗೆ ಉಜ್ಜಿದರೆ ಮೆತ್ತಗಿರಬೇಕು. ಅಂಗಡಿಯಲ್ಲಿ ನಾಲ್ಕು ಜನರ ಎದುರು ಹೀಗೆ ಉಜ್ಜಲು ನಾಚಿಕೆ ಬೇಡ.

ವಾಟರ್‌ಪ್ರೂಫ್ ಅಂತ ದೊಡ್ಡದಾಗಿ ಬರೆದಿದೆ. ಆದ್ರೂ ಕಾರು ಒದ್ದೆ. ಮೋಸ ಹೋದ್ನಾ?

ಪೂರ್ತಿ ಮೋಸ ಅಲ್ಲ. ಬಟ್ಟೆ ನೀರು ತಡೆಯಬಹುದು, ಆದರೆ ಹೊಲಿಗೆಯ ಸೂಜಿ ತೂತುಗಳು ತಡೆಯುವುದಿಲ್ಲ. ಹೊಲಿಗೆಯ ಒಳಬದಿಗೆ ಟೇಪ್ ಅಂಟಿಸಿದ್ದಾರಾ ನೋಡಿ. ಎರಡನೇ ಕಾರಣ, ಒಳಗಿನ ನೀರು ಮಳೆಯದ್ದೇ ಆಗಬೇಕೆಂದಿಲ್ಲ. ರಾತ್ರಿ ತಗಡು ತಣ್ಣಗಾದಾಗ ಕವರ್ ಒಳಗಿನ ತೇವದ ಗಾಳಿ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಪೂರ್ತಿ ನೀರು ತಡೆಯುವ ಕವರ್‌ನಲ್ಲಿ ಇದು ಜಾಸ್ತಿ. ಎಷ್ಟೋ ಜನ ಮಳೆ ಸೋರಿತು ಎಂದು ಬೈಯುವುದು ಈ ಬೆವರನ್ನು ನೋಡಿಯೇ.

ಬಟ್ಟೆ ಉಸಿರಾಡುತ್ತೆ ಅಂತಾರಲ್ಲ, ಅದನ್ನ ಪರೀಕ್ಷೆ ಮಾಡೋದು ಹೇಗೆ?

ಕವರ್ ಜೊತೆ ಬರುವ ಚೀಲ ಸಾಮಾನ್ಯವಾಗಿ ಅದೇ ಬಟ್ಟೆಯದು. ಒಂದು ಲೋಟಕ್ಕೆ ಬಿಸಿನೀರು ಹಾಕಿ, ಆ ಚೀಲದ ಒಂದೇ ಪದರವನ್ನು ಬಾಯಿಗೆ ಬಿಗಿಯಾಗಿ ಕಟ್ಟಿ. ಮೇಲೆ ತಣ್ಣಗಿನ ಸ್ಟೀಲ್ ತಟ್ಟೆ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತಟ್ಟೆ ಮಂಜಾದರೆ ಆವಿ ಹೊರಗೆ ಬರುತ್ತಿದೆ ಎಂದರ್ಥ. ತಟ್ಟೆ ಒಣಗಿದ್ದು ಬಟ್ಟೆಯ ಒಳಬದಿಯಲ್ಲಿ ಹನಿ ಕೂತರೆ, ನಿಮ್ಮ ಕಾರಿನ ಮೇಲೂ ಹಾಗೇ ಕೂರುತ್ತದೆ.

ಒಂದು ಸೈಜ್ ದೊಡ್ಡದೇ ತಗೊಂಡ್ರೆ ಸುಲಭ ಅಲ್ವಾ?

ಹಾಕಲು ಸುಲಭ, ಕಾರಿಗೆ ಕೆಟ್ಟದ್ದು. ಸಡಿಲ ಕವರ್ ಗಾಳಿಗೆ ಬಡಿಯುತ್ತದೆ. ವ್ಯಾಗನ್‌ಆರ್ ಉದ್ದ 3655 ಮಿ.ಮೀ., ಇನ್ನೋವಾ ಕ್ರಿಸ್ಟಾ 4735 ಮಿ.ಮೀ. ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಎರಡಕ್ಕೂ ಆಗುತ್ತದೆ ಎನ್ನುವ ಕವರ್ ಯಾವುದಕ್ಕೂ ಸರಿಯಾಗುವುದಿಲ್ಲ. ನಿಮ್ಮ ಕಾರಿನ ಹೆಸರು, ಮಾದರಿ ಹೇಳಿಯೇ ಕೇಳಿ. ಕನ್ನಡಿಗೆ ಜೇಬು, ಅಂಚಿಗೆ ಎಲಾಸ್ಟಿಕ್, ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿ ಈ ಮೂರೂ ಇರಲಿ. ಬೊಲೆರೋ, ಥಾರ್ ಇದ್ದವರು ಹಿಂದಿನ ಸ್ಟೆಪ್ನಿಗೆ ಜಾಗ ಇದೆಯಾ ಎಂದು ಮರೆಯದೆ ನೋಡಬೇಕು. ಇಲ್ಲದಿದ್ದರೆ ಅಲ್ಲೇ ಮೊದಲು ಹರಿಯುತ್ತದೆ.

ಯಾವ ಬಣ್ಣ?

ತಿಳಿ ಬಣ್ಣ. ಬೆಳ್ಳಿ ಅಥವಾ ಬೂದು. ಕಪ್ಪು, ಕಡುನೀಲಿ ಬಿಸಿಲು ಕುಡಿಯುತ್ತವೆ.

## ಬಳಸುವಾಗ

ಒಬ್ಬಳೇ ಹಾಕ್ತೀನಿ. ಅರ್ಧ ನೆಲಕ್ಕೆ ಬಿದ್ದು ಕೊಳೆ ಆಗುತ್ತೆ. ಏನು ಮಾಡ್ಲಿ?

ತೆಗೆಯುವ ಕ್ರಮದಲ್ಲಿ ಗುಟ್ಟಿದೆ. ಎಳೆದು ಮುದ್ದೆ ಮಾಡಬೇಡಿ. ಮೊದಲು ಎರಡೂ ಬದಿಯ ಅಂಚನ್ನು ಎತ್ತಿ ಕಾರಿನ ನೆತ್ತಿಯ ಮೇಲೆ ಮಡಚಿ. ಈಗ ನಡುವೆ ಉದ್ದಕ್ಕೆ ಒಂದು ಪಟ್ಟಿ ಉಳಿಯುತ್ತದೆ. ಅದನ್ನು ಹಿಂದಿನಿಂದ ಮುಂದಕ್ಕೆ ಚಾಪೆಯ ಹಾಗೆ ಸುತ್ತುತ್ತಾ ಬನ್ನಿ. ಹಾಕುವಾಗ ಸುರುಳಿಯನ್ನು ಬಾನೆಟ್ ಮೇಲಿಟ್ಟು ಹಿಂದಕ್ಕೆ ಬಿಚ್ಚುತ್ತಾ ಹೋಗಿ, ಆಮೇಲೆ ಬದಿಗಳನ್ನು ಇಳಿಸಿ. ಹೀಗೆ ಮಾಡಿದರೆ ಹೊರಗಿನ ಕೊಳೆ ಒಳಬದಿಗೆ ತಾಗುವುದಿಲ್ಲ. ಮುಂದೆ ಯಾವುದು ಎಂದು ಗೊತ್ತಾಗಲು ಮುಂಭಾಗದ ಅಂಚಿಗೆ ಕೆಂಪು ದಾರದಲ್ಲಿ ಎರಡು ಹೊಲಿಗೆ ಹಾಕಿ. ನನ್ನ ಅಕ್ಕ ಹೇಳಿಕೊಟ್ಟ ಉಪಾಯ ಇದು, ಕತ್ತಲಲ್ಲೂ ಉಪಯೋಗಕ್ಕೆ ಬರುತ್ತದೆ.

ಮನೆಗೆ ಬಂದ ತಕ್ಷಣ ಹಾಕಬಹುದಾ?

ಅರ್ಧ ಗಂಟೆ ಬಿಡಿ. ಪಾಲಿಪ್ರೊಪಿಲಿನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಘಟ್ಟ ಹತ್ತಿ ಬಂದ ಕಾರಿನ ಸೈಲೆನ್ಸರ್ ಬಿಸಿಗೆ ಅಂಚು ಕರಗಿ ಅಂಟಿಕೊಂಡದ್ದನ್ನು ನೋಡಿದ್ದೇನೆ.

ಕಡಲ ಗಾಳಿಗೆ ಕವರ್ ಹಾರಿಹೋಗುತ್ತೆ. ಕಲ್ಲು ಕಟ್ಟಲಾ?

ಕಲ್ಲು ಬೇಡವೇ ಬೇಡ. ಗಾಳಿಗೆ ಅದೇ ಕಲ್ಲು ಬಾಗಿಲಿಗೆ ಬಡಿಯುತ್ತದೆ. ಹೊಟ್ಟೆಯ ಕೆಳಗಿನ ಪಟ್ಟಿ ಇಲ್ಲದಿದ್ದರೆ ಟೈಲರ್ ಹತ್ತಿರ ಅಗಲದ ಹತ್ತಿಪಟ್ಟಿ ಹೊಲಿಸಿ, ಪ್ಲಾಸ್ಟಿಕ್ ಬಕಲ್ ಹಾಕಿಸಿ. ಕಾರನ್ನು ಗೋಡೆಯ ಅಥವಾ ಬೇಲಿಯ ಮರೆಗೆ ನಿಲ್ಲಿಸಿ.

ಚಂಡಮಾರುತದ ಎಚ್ಚರಿಕೆ ಬಂದರೆ ಕವರ್ ತೆಗೆದು ಒಳಗಿಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತಲ್ಲ. ಅಂಥ ಗಾಳಿಯಲ್ಲಿ ಕವರ್ ದೋಣಿಯ ಹಾಯಿಯ ಹಾಗೆ ಆಗುತ್ತದೆ. ಕಾರು ಬರಿಮೈಯಲ್ಲಿ ಒದ್ದೆಯಾಗುವುದು ಎಷ್ಟೋ ವಾಸಿ.

ತೆಂಗಿನಕಾಯಿ ಬಿದ್ರೆ, ಮಂಗ ಹತ್ತಿದ್ರೆ ಕವರ್ ತಡೆಯುತ್ತಾ?

ತೆಂಗಿನಕಾಯಿಗೆ ಯಾವ ಬಟ್ಟೆಯೂ ಉತ್ತರ ಅಲ್ಲ. ಜಾಗ ಬದಲಿಸಿ. ಮಂಗನ ಉಗುರಿನ ಗೀರನ್ನು ದಪ್ಪ ಕವರ್ ಸ್ವಲ್ಪ ತಡೆಯುತ್ತದೆ. ವೈಪರ್, ಕನ್ನಡಿ ಕೀಳುವುದನ್ನೂ ತಪ್ಪಿಸುತ್ತದೆ. ಹೊಳೆಯುವ ಕನ್ನಡಿ ಕಾಣದಿದ್ದರೆ ಅವಕ್ಕೂ ಆಸಕ್ತಿ ಕಡಿಮೆ.

ಕವರ್ ಹಾಕಿದ್ಮೇಲೆ ಇಲಿ ಜಾಸ್ತಿ ಆಯ್ತು. ಹೌದಾ, ಸುಮ್ನೆ ಹಾಗನ್ನಿಸುತ್ತಾ?

ಹೌದು. ಕವರ್ ಒಳಗೆ ಕತ್ತಲು, ಬೆಚ್ಚಗೆ, ಬೆಕ್ಕಿನ ಭಯ ಇಲ್ಲ. ಇಲಿಗೆ ಇನ್ನೇನು ಬೇಕು? ಅಡಿಕೆ ಚೀಲ, ಕೊಬ್ಬರಿ, ಭತ್ತ ಇಡುವ ಜಾಗದ ಪಕ್ಕ ಕಾರು ನಿಲ್ಲಿಸಬೇಡಿ. ದಿನ ಬಿಟ್ಟು ದಿನ ಬಾನೆಟ್ ಎತ್ತಿ ನೋಡಿ. ಒಣ ಎಲೆ, ಹತ್ತಿ, ಹಿಕ್ಕೆ ಕಂಡರೆ ಆಗಲೇ ತೆಗೆದುಹಾಕಿ. ಒಳಗೆ ವಿಷ ಇಡಬೇಡಿ, ಸತ್ತ ಇಲಿಯನ್ನು ಹುಡುಕುವ ಪಾಡು ಯಾರಿಗೂ ಬೇಡ. ಸುಮ್ಮನೆ ನಿಂತ ಕಾರಿಗಿಂತ ಓಡುವ ಕಾರಿಗೆ ಇಲಿ ಕಾಟ ಕಡಿಮೆ.

ತೋಟಕ್ಕೆ ಔಷಧ ಹೊಡೆಯುವ ದಿನ ಕಾರು ನೀಲಿ ನೀಲಿ ಆಗುತ್ತೆ. ಏನು ಮಾಡೋದು?

ಶಿರಸಿ, ಸಿದ್ದಾಪುರದ ಕಡೆಯವರದ್ದೇ ಈ ಪ್ರಶ್ನೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ನೀಲಿ ಬಣ್ಣದ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕೊನೆಗೌಡರು (ಅಡಿಕೆ ಮರ ಹತ್ತುವ ಕೆಲಸದವರು) ಮರದ ತುದಿಯಲ್ಲಿ ನಿಂತು ಹೊಡೆದಾಗ ಗಾಳಿಗೆ ಅದರ ಸಿಂಪಡಿಕೆ ಅಂಗಳದ ತನಕ ಬರುತ್ತದೆ. ಎಲೆಗೆ ಅಂಟಿ ಮಳೆಗೂ ತೊಳೆದುಹೋಗಬಾರದು ಎಂದೇ ಮಾಡಿದ ಔಷಧ ಅದು. ಕಾರಿಗೂ ಹಾಗೇ ಅಂಟುತ್ತದೆ.

ಆ ಒಂದು ದಿನ ಕವರ್ ಹಾಕಲೇಬೇಕು, ಹಳೆಯದಾದರೂ ಸರಿ. ಈಗಾಗಲೇ ಬಿದ್ದಿದ್ದರೆ ಒಣಗಿದ ಸುಣ್ಣವನ್ನು ಉಜ್ಜಬೇಡಿ, ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ನೆನೆಸಿ, ನೀರು ಹರಿಸಿ, ಮತ್ತೆ ನೆನೆಸಿ. ತಾಳ್ಮೆಯ ಕೆಲಸ.

## ಮಳೆಗಾಲ, ಉಪ್ಪು

ಮಳೆಗಾಲದಲ್ಲಿ ಕವರ್ ಹಾಕಬೇಕಾ, ತೆಗೆಯಬೇಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ನನ್ನ ಅಭಿಪ್ರಾಯ ಇಷ್ಟು. ದಿನಾ ಓಡಿಸುವ ಕಾರು ಬಯಲಿನಲ್ಲಿ ನಿಲ್ಲುತ್ತದೆ ಎಂದರೆ ಜೂನಿನಿಂದ ಸೆಪ್ಟೆಂಬರ್ ತನಕ ಕವರ್ ಹಾಕಬೇಡಿ. ಕಾರು ಮಳೆಗೆ ಹೆದರುವುದಿಲ್ಲ. ಅದಕ್ಕೆ ಕೆಟ್ಟದ್ದು ಒಣಗದ ತೇವ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನದು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜುಲೈನಲ್ಲಿ ಗಾಳಿಯ ತೇವ ಸಾಮಾನ್ಯವಾಗಿ ಶೇ 80ರ ಮೇಲೆಯೇ. ಹೊರಗೆ ಹರವಿದ ಪಂಚೆಯೇ ಮೂರು ದಿನವಾದರೂ ಒಣಗುವುದಿಲ್ಲ ಎಂದಾಗ, ಒದ್ದೆ ಕಾರಿಗೆ ಒದ್ದೆ ಕವರ್ ಹೊಚ್ಚಿದರೆ ಅದು ಒಣಗುವುದು ಯಾವಾಗ? ನೀರು ಬಾಗಿಲಿನ ರಬ್ಬರಿನಲ್ಲಿ, ನಂಬರ್ ಪ್ಲೇಟಿನ ಹಿಂದೆ, ಸಣ್ಣ ಗೀರುಗಳಲ್ಲಿ ಕೂತೇ ಇರುತ್ತದೆ. ಒಳಗೆ ಸೀಟಿಗೆ, ಸ್ಟೇರಿಂಗಿಗೆ ಬೂಸ್ಟು ಬರುತ್ತದೆ. ಬರಿಮೈಯ ಕಾರಿಗೆ ಮಳೆ ನಿಂತಾಗ ಗಾಳಿಯಾದರೂ ಆಡುತ್ತದೆ.

ಮಳೆಯಿಂದ ಇನ್ನೊಂದು ಲಾಭವೂ ಇದೆ. ಮಳೆನೀರು ಸಿಹಿನೀರು. ಬೇಸಿಗೆಯಿಂದ ಕೂತ ಉಪ್ಪನ್ನು ಅದು ಪುಕ್ಕಟೆ ತೊಳೆದುಕೊಡುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಒಂದು ಸಲ ಚೆನ್ನಾಗಿ ತೊಳೆದು ಮೇಣದ ಪಾಲಿಶ್ ಹಾಕಿದರೆ ನೀರು ನಿಲ್ಲದೆ ಜಾರುತ್ತದೆ. ಮರದ ಕೆಳಗೆ ನಿಲ್ಲಿಸುವವರು ಮುಂದಿನ ಗಾಜಿನ ಬುಡದ ಜಾಲರಿಯಿಂದ ಎಲೆ, ಗಾಳಿಮರದ ಕಡ್ಡಿ ವಾರಕ್ಕೊಮ್ಮೆ ತೆಗೆಯಬೇಕು. ಅಲ್ಲಿ ನೀರು ಹೋಗುವ ದಾರಿ ಕಟ್ಟಿದರೆ ನೀರು ಒಳಗೆ ಇಳಿಯುತ್ತದೆ.

ಚಪ್ಪರ ಕಟ್ಟಿಸಲು ಆಗುವುದಾದರೆ ಕಟ್ಟಿಸಿ. ಕವರ್‌ಗೆ ಹಾಕುವ ದುಡ್ಡನ್ನು ಎರಡು ಮೂರು ವರ್ಷ ಕೂಡಿಸಿದರೆ ನಾಲ್ಕು ಕಂಬ, ನಾಲ್ಕು ತಗಡಿನ ದಾರಿ ಆಗುತ್ತದೆ.

ಕವರ್ ಹಾಕಿದ್ರೆ ಉಪ್ಪುಗಾಳಿಯ ತುಕ್ಕು ನಿಲ್ಲುತ್ತಾ?

ಪೂರ್ತಿ ನಿಲ್ಲುವುದಿಲ್ಲ. ತಪ್ಪಾಗಿ ಹಾಕಿದರೆ ಹೆಚ್ಚೂ ಆಗುತ್ತದೆ. ಉಪ್ಪಿನ ಗುಣವೇ ಹಾಗೆ. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಎಳೆದು ಕರಗುತ್ತದೆ. ಅಡುಗೆಮನೆಯ ಭರಣಿಯಲ್ಲಿ ಎಲ್ಲರೂ ನೋಡಿದ್ದೇ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇದೆ, ಅದು ಶೇ 33ರ ಆಸುಪಾಸಿನಲ್ಲೇ ನೀರು ಎಳೆಯುತ್ತದೆ. ಅಂದರೆ ಕಾರವಾರದ ಕೋಡಿಬಾಗದಲ್ಲೋ ಬೈತಖೋಲಿನಲ್ಲೋ ನಿಂತ ಕಾರಿನ ಮೇಲಿನ ಉಪ್ಪಿನ ಪದರ ವರ್ಷದ ಬಹುಪಾಲು ದಿನ ಒದ್ದೆಯಾಗಿಯೇ ಇರುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರದ ಕಡೆ, ಅಘನಾಶಿನಿ ದಂಡೆಯ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಡೆ ಇರುವವರಿಗೂ ಇದೇ ಕತೆ.

ಈ ಉಪ್ಪನ್ನು ಕೆಳಗೆ ಸಿಕ್ಕಿಸಿಕೊಂಡು ಕವರ್ ಹಾಕಿದರೆ ತುಕ್ಕಿಗೆ ಹಾಸಿಗೆ ಹಾಸಿದ ಹಾಗೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಹಾಕಿದರೆ ಹೊಸ ಉಪ್ಪು ಕೂರುವುದು ಕಡಿಮೆಯಾಗುತ್ತದೆ. ಆದರೆ ತುಕ್ಕು ಮೊದಲು ಹಿಡಿಯುವುದು ಕವರ್ ಮುಚ್ಚದ ಕಡೆಯೇ: ಚಾಸಿಸ್, ಚಕ್ರದ ಗೂಡು, ಬಾಗಿಲಿನ ಅಡಿಯ ಅಂಚು. ವಾರಕ್ಕೊಮ್ಮೆ ಪೈಪಿನಲ್ಲಿ ಕೆಳಭಾಗಕ್ಕೆ ನೀರು ಹೊಡೆಯಿರಿ. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಮಣ್ಣು ಕಟ್ಟಿದ್ದರೆ ಕಡ್ಡಿಯಲ್ಲಿ ಬಿಡಿಸಿ. ಕಡಲಂಚಿನ ಮರಳಿಗೆ ಕಾರು ಇಳಿಸಿದ ದಿನ ಇದನ್ನು ನಾಳೆಗೆ ಇಡಬೇಡಿ.

ಸೆರಾಮಿಕ್ ಕೋಟಿಂಗ್ ಮಾಡಿಸಿದೀನಿ. ಇನ್ನೂ ಕವರ್ ಬೇಕಾ?

ಕೋಟಿಂಗ್‌ನಿಂದ ಕೊಳೆ ಬೇಗ ಬಿಡುತ್ತದೆ. ಬಿಸಿಲಲ್ಲಿ ಒಳಗೆ ಕಾಯುವ ಡ್ಯಾಶ್‌ಬೋರ್ಡು, ಒಣಗುವ ರಬ್ಬರಿಗೆ ಅದರಿಂದ ಏನೂ ಆಗದು. ಬಯಲಿನಲ್ಲಿ ನಿಂತರೆ ಬೇಕು.

ಬಂಪರ್‌ಗೆ ಹೊಸ ಪೇಂಟ್ ಹೊಡೆಸಿದೆ. ಯಾವಾಗಿಂದ ಕವರ್ ಹಾಕ್ಲಿ?

ಒಂದು ತಿಂಗಳು ಬಿಡಿ. ಹೊಸ ಪೇಂಟಿನಿಂದ ದ್ರಾವಕ ಹೊರಗೆ ಹೋಗುತ್ತಿರುತ್ತದೆ. ಮುಚ್ಚಿದರೆ ಮೇಲ್ಮೈಯಲ್ಲಿ ಬಟ್ಟೆಯ ಗುರುತು ಬೀಳುವುದುಂಟು. ಮಳೆಗಾಲದಲ್ಲಿ ಇನ್ನೂ ನಿಧಾನ.

ಮೂರು ತಿಂಗಳು ಮಗನ ಮನೆಗೆ ಮುಂಬೈಗೆ ಹೋಗ್ತೀವಿ. ಕಾರು ಹೇಗೆ ಬಿಟ್ಟು ಹೋಗೋದು?

ಸಾಧ್ಯವಾದಷ್ಟು ಮಾಡಿನ ಕೆಳಗೆ ಬಿಡಿ. ತೊಳೆದು, ಬಾಗಿಲು ತೆರೆದು ಬಿಸಿಲಲ್ಲಿ ಒಂದು ಇಡೀ ದಿನ ಒಣಗಿಸಿ. ಒಳಗೆ ಒದ್ದೆ ಮ್ಯಾಟ್, ತಿಂಡಿ ಪೊಟ್ಟಣ ಯಾವುದೂ ಇರಬಾರದು. ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿ. ಟೈರಿಗೆ ಮೂರು ನಾಲ್ಕು ಪೌಂಡ್ ಗಾಳಿ ಜಾಸ್ತಿ ಹಾಕಿಸಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ತೇವಕ್ಕೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಚಿರೆಕಲ್ಲಿನ ತುಂಡು ಕೊಡಿ. ಆಮೇಲೆ ಉಸಿರಾಡುವ ಬಟ್ಟೆಯ ಕವರ್.

ಇಷ್ಟು ಮಾಡಿದರೂ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗಿ. ವಾರಕ್ಕೊಮ್ಮೆ ಬಿಸಿಲು ಕಂಡ ದಿನ ಕವರ್ ಎತ್ತಿ ಒಂದೆರಡು ಗಂಟೆ ಗಾಳಿ ಆಡಲು ಬಿಡಬೇಕು. ಬರುವಾಗ ಅವರಿಗೆ ಏನಾದರೂ ತಂದುಕೊಡಿ, ದೊಡ್ಡ ಉಪಕಾರ ಅದು.

## ಕವರ್‌ನ ಆರೈಕೆ

ಕವರ್ ತೊಳೆಯೋದು ಹೇಗೆ? ವಾಷಿಂಗ್ ಮೆಷಿನ್‌ಗೆ ಹಾಕ್ಲಾ?

ಬೇಡ. ಮನೆಯ ಮೆಷಿನ್ನಿಗೆ ಅದು ಭಾರ, ತಿರುಚಿದರೆ ಲೇಪ ಬಿರಿಯುತ್ತದೆ. ಅಂಗಳದಲ್ಲಿ ಹಗ್ಗಕ್ಕೆ ಹರವಿ ಮೊದಲು ಬರಿ ನೀರು ಹೊಡೆಯಿರಿ. ನಂತರ ತಣ್ಣೀರಿಗೆ ಸ್ವಲ್ಪ ಸೌಮ್ಯ ಸೋಪು ಹಾಕಿ, ಸ್ಪಂಜಿನಲ್ಲಿ ಒರೆಸಿ. ಬ್ಲೀಚ್, ಬಟ್ಟೆ ಮೆದು ಮಾಡುವ ದ್ರವ ಎರಡೂ ಬೇಡ, ನೀರು ತಡೆಯುವ ಗುಣವೇ ಹೋಗುತ್ತದೆ. ಹಿಂಡದೆ ನೆರಳಲ್ಲಿ ಒಣಗಿಸಿ. ಕಡಲ ಹತ್ತಿರ ಇರುವವರು ತಿಂಗಳಿಗೊಮ್ಮೆ, ಘಟ್ಟದ ಮೇಲಿನವರು ಎರಡು ತಿಂಗಳಿಗೊಮ್ಮೆ ತೊಳೆದರೆ ಸಾಕು.

ಮಳೆಗಾಲ ಮುಗಿದು ತೆಗೆದ್ರೆ ಕವರ್ ತುಂಬ ಬೂಸ್ಟು. ಎಸೆಯಲಾ?

ಒಂದು ಸಲ ಪ್ರಯತ್ನಿಸಿ. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಸೇರಿಸಿ ಒರೆಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ವಾಸನೆ ಹೋದರೆ ಬಳಸಬಹುದು. ಕಪ್ಪು ಚುಕ್ಕೆ ಉಳಿದರೂ ತೊಂದರೆ ಇಲ್ಲ. ಮುಂದಿನ ವರ್ಷ ಒಳಗಿಡುವಾಗ ಪೂರ್ತಿ ಒಣಗಿದ ಮೇಲೆಯೇ ಮಡಚಿ, ಅಡುಗೆಮನೆಯ ಬೆಚ್ಚಗಿನ ಅಟ್ಟದಲ್ಲಿಡಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಿಗಿಯಬೇಡಿ. ಒದ್ದೆ ಕವರನ್ನು ಡಿಕ್ಕಿಯಲ್ಲಿ ಎರಡು ದಿನ ಇಟ್ಟರೂ ಇದೇ ಗತಿ.

ಕೈಗೆ ಬೆಳ್ಳಿ ಪುಡಿ ಅಂಟ್ತಾ ಇದೆ. ಇನ್ನೂ ಎಷ್ಟು ದಿನ ಬಳಸಬಹುದು?

ಇವತ್ತೇ ನಿಲ್ಲಿಸಿ. ಲೇಪ ಉದುರುತ್ತಿದೆ ಎಂದರೆ ಬಟ್ಟೆ ಬಿಸಿಲಿಗೆ ಸತ್ತಿದೆ. ಆ ಪುಡಿ ಪೇಂಟಿಗೂ ಅಂಟುತ್ತದೆ. ಅಂಗಳದಲ್ಲಿ ಅಡಿಕೆ ಒಣಗಿಸಲು ಇದನ್ನು ಹಾಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಸಬೇಡಿ. ತಿನ್ನುವ ವಸ್ತುವಿಗೆ ಆ ಪುಡಿ ಸೇರಬಾರದು. ಕಟ್ಟಿಗೆ ರಾಶಿಯ ಮೇಲೆ ಹೊಚ್ಚಿ, ಇಲ್ಲವೇ ಔಷಧ ಹೊಡೆಯುವ ದಿನ ಪಂಪಿನ ಮೇಲೆ ಹಾಕಲು ಎತ್ತಿಡಿ.